ಅಂಬೇವಾಡಿಯ ಗೋವಾ

ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಹದಿನೈದು ದಿನ ಗೋವಾದಲ್ಲಿ ಇದ್ದು ಬಂದ. ದಾಂಡೇಲಿಯ ಗಡಿ ದಾಟದೆ! ನೀವು ನಂಬುವುದಿಲ್ಲ, ನನಗೆ ಗೊತ್ತು. ನಾನೂ ನಂಬುತ್ತಿರಲಿಲ್ಲ. ಆದರೆ ಏನು ಮಾಡಲಿ, ಅವನು ಗೋವಾದಲ್ಲಿದ್ದ ಅಷ್ಟೂ ದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನನ್ನ ಕಣ್ಣೆದುರಿಗೇ ನಿಂತಿರುತ್ತಿದ್ದ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆ ಯಾರಾದರೂ ಹೇಳುತ್ತಾರೆ. ದಾಂಡೇಲಿಯ ಹಳಿಯಾಳ ರಸ್ತೆಯ ಬದಿಗೆ ನನ್ನದೊಂದು ತಗಡಿನ ಶೆಡ್ಡು ಇದೆ. ಹಳಿಯಾಳದ ಕಬ್ಬಿನ ಹೊಲದ ಪಂಪು, ಮುಂಡಗೋಡದ ಅಕ್ಕಿ ಗಿರಣಿ, ಜೋಯಿಡಾದ ರೆಸಾರ್ಟುಗಳ ಜನರೇಟರು, ಹೀಗೆ ಸುತ್ತಲಿನ ನಾಲ್ಕು ತಾಲೂಕುಗಳಲ್ಲಿ ಕೆಟ್ಟು ನಿಂತದ್ದೆಲ್ಲ ನನ್ನ ಕೈಗೆ ಬರುತ್ತದೆ, ಓಡುತ್ತಾ ವಾಪಸು ಹೋಗುತ್ತದೆ. ಇದು ಜಂಭವಲ್ಲ. ಜಂಭವೇ ಎಂದು ನೀವು ಅಂದುಕೊಂಡರೂ ನನ್ನದೇನೂ ತಕರಾರಿಲ್ಲ.

ಷಡ್ಡಕ ಮದುವೆಯಾದ ಮೇಲೆ ಸವದತ್ತಿ ಕಡೆಯ ಹಳ್ಳಿಯಿಂದ ಇಲ್ಲಿಗೆ ಬಂದ. ನಟ್ಟು ಯಾವ ಕಡೆ ತಿರುಗಿಸಿದರೆ ಬಿಗಿಯುತ್ತದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಅವನ ಕೈಗೆ ನಟ್ಟು ಬಿಗಿಯುವ ಪಾನಾ ಕೊಟ್ಟವನು ನಾನು. ಮೊದಲ ದಿನ ಹೇಳಿಕೊಟ್ಟ ಪಾಠ ಇಷ್ಟು: ಮಿಷನ್ ಬಿಗಿದಾದ ಮೇಲೆ ಗಿರಾಕಿಗೆ ಕೊಡುವ ಮೊದಲು ಖಾಲಿ ಓಡಿಸಿ ನೋಡಬೇಕು. ಅದಕ್ಕೆ ಟ್ರಯಲ್ ಎನ್ನುತ್ತಾರೆ. ಟ್ರಯಲ್ ಓಡುವಾಗ ಮಿಷನ್ನಿನ ಮುಖ ನೋಡುತ್ತಾ ನಿಲ್ಲುವವನು ದಡ್ಡ. ಮಿಷನ್ ಓಡುತ್ತದೆ, ಅದರ ಕೆಲಸವೇ ಅದು. ಫಿಟ್ಟರ್ ಆದವನು ಕುಕ್ಕರಗಾಲಿನಲ್ಲಿ ಕೂತು, ಮಿಷನ್ ಕೂರಿಸಿದ ಕಾಂಕ್ರೀಟಿನ ಅಡಿಪಾಯದ ಮೇಲೆ ಅಂಗೈ ಪೂರ್ತಿ ಊರಿ ನೋಡಬೇಕು. ಅದು ನಡುಗಿದರೆ ಮಿಷನ್ ಎಷ್ಟೇ ಚಂದ ಹಾಡಿದರೂ ಒಂದು ದಿನ ಕೈ ಕೊಡುತ್ತದೆ. ನನ್ನ ಉಸ್ತಾದರು ನನಗೆ ಹೇಳಿದ್ದನ್ನು ನಾನು ಅವನಿಗೆ ಹೇಳಿದೆ.

ಹೇಳಬಾರದಿತ್ತು. ಏಕೆಂದರೆ ಆ ಮನುಷ್ಯನಿಗೆ ಈ ರೋಗ ಮೊದಲೇ ಇತ್ತು. ನಾನು ಅದಕ್ಕೊಂದು ಹೆಸರು ಕೊಟ್ಟೆ, ಅಷ್ಟೇ!

ಅವನ ಮದುವೆ ಹಳಿಯಾಳದ ಒಂದು ಕಲ್ಯಾಣ ಮಂಟಪದಲ್ಲಿ ಆಯಿತು. ಮದುವೆಗೆ ಎಂಟು ದಿನ ಮೊದಲು, ದಿಬ್ಬಣ ಬರಬೇಕಾದ ಹೊತ್ತಿಗೇ ಇವನು ಒಬ್ಬನೇ ಬಸ್ಸಿನಲ್ಲಿ ಬಂದಿಳಿದು, ನಿಲ್ದಾಣದಿಂದ ಮಂಟಪಕ್ಕೆ ನಡೆದು, ಖಾಲಿ ವೇದಿಕೆಯ ಮೇಲೆ ಅರ್ಧ ತಾಸು ಚಕ್ಕಳಬಕ್ಕಳ ಹಾಕಿ ಕೂತಿದ್ದನಂತೆ. ಕಾಲು ಜೋಮು ಹಿಡಿಯುತ್ತದೋ ಇಲ್ಲವೋ ಎಂದು ನೋಡಲು! ಅಷ್ಟಕ್ಕೇ ಬಿಟ್ಟನೇ? ಪಕ್ಕದಲ್ಲಿ ಮದುಮಗಳ ಜಾಗದಲ್ಲಿ ಸ್ವಲ್ಪ ಹೊತ್ತು ಕೂತಿರಿ, ಅಂತರ ಗೊತ್ತಾಗಲಿ ಎಂದು ಮಂಟಪದ ವಾಚಮನ್‌ನನ್ನು ಕೇಳಿಕೊಂಡ. ವಾಚಮನ್ ಗಿರಿಜಾ ಮೀಸೆಯ ಆಸಾಮಿ, ಆದರೂ ಪಾಪ, ಕೂತ. ಮದುವೆಯ ದಿನ ಅದೇ ವಾಚಮನ್ ಮೊದಲ ಸಾಲಿನಲ್ಲಿ ಕೂತು ನಮ್ಮ ನಾದಿನಿಯನ್ನು ಸವತಿಯನ್ನು ನೋಡುವ ಹಾಗೆ ನೋಡುತ್ತಿದ್ದ.

ಮಗಳು ಹುಟ್ಟಿದಾಗ ತೊಟ್ಟಿಲು ತಂದ. ಕೂಸನ್ನು ಹಾಕಲು ಬಿಡಲಿಲ್ಲ. ಹತ್ತು ಕಿಲೋ ಜೋಳದ ಚೀಲ ಹಾಕಿ ಮೂರು ದಿನ ತೂಗಿದ. ಅವನಿಗೆ ಕೆಲಸವಿದ್ದಾಗ ನಾದಿನಿ ತೂಗಬೇಕು. ಬಾಣಂತಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೈಯಲ್ಲಿ ಜೋಳ ತೂಗುವ ಆ ದೃಶ್ಯವನ್ನು ನೀವು ನೋಡಬೇಕಿತ್ತು. ಹಗ್ಗ ಹರಿಯಲಿಲ್ಲ, ಕೊಂಡಿ ಬಿಡಲಿಲ್ಲ. ಓಣಿಯ ಹೆಂಗಸರು ಮಾತ್ರ ಬಂದು, ಯಾರ ಹಂಗ ಐತ್ರಿ ಕೂಸು, ಬಿಳಿ ಜೋಳ ಏನು ಕೆಂಪು ಜೋಳ ಎಂದು ವಿಚಾರಿಸಿಕೊಂಡು ಹೋದರು.

ಅತ್ತಿವೇರಿಯ ಕೆರೆಗೆ ಹಕ್ಕಿ ನೋಡಲು ಎರಡೂ ಮನೆಯವರು ಹೋಗುವುದೆಂದಾಯಿತು. ಇವನು ಹಿಂದಿನ ದಿನವೇ ಒಬ್ಬನೇ ಹೋಗಿ, ಸಾವಿರಾರು ಹಕ್ಕಿ ಅದಾವ ಎಂದು ವರದಿ ತಂದ. ಮರುದಿನ ನಾವು ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋದರೆ ಕೆರೆ ಖಾಲಿ! ಹಕ್ಕಿಗಳೂ ಟ್ರಯಲ್ ಮುಗಿಸಿಕೊಂಡು ಹೋಗಿದ್ದವು ಎಂದು ಕಾಣುತ್ತದೆ.

ಇಂಥವನಿಗೆ ಗೋವಾದಿಂದ ಕರೆ ಬಂತು ನೋಡಿ!

ಜೋಯಿಡಾದ ಒಂದು ರೆಸಾರ್ಟಿನಲ್ಲಿ ಜನರೇಟರ್ ರಿಪೇರಿಗೆ ನಾವಿಬ್ಬರೂ ಹೋಗಿದ್ದೆವು. ಮಿಷನ್ನಿನ ರೋಗ ಪತ್ತೆ ಹಚ್ಚಿದವನು ನಾನು, ಬಿಚ್ಚಿದವನು ನಾನು, ಬೇರಿಂಗ್ ಕೂರಿಸಿದವನೂ ನಾನು. ಎಲ್ಲ ಮುಗಿಸಿ, ಕೈ ತೊಳೆದು, ನಾನು ಚಹಾ ಕುಡಿಯಲು ಹೋದೆ. ಅಲ್ಲಿಗೆ ತಂಗಲು ಬಂದಿದ್ದ ಗೋವಾದ ಕಂತ್ರಾಟುದಾರನೊಬ್ಬ ಸುತ್ತಾಡುತ್ತಾ ಬಂದು ನೋಡಿದ್ದು ಏನನ್ನು? ನಮ್ಮ ಷಡ್ಡಕ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಅಡಿಪಾಯದ ಮೇಲೆ ಅಂಗೈ ಊರಿ, ತಪಸ್ಸು ಮಾಡುತ್ತಿದ್ದುದನ್ನು! ನಾನು ಚಹಾ ಮುಗಿಸಿ ಬರುವಷ್ಟರಲ್ಲಿ ಆ ಮನುಷ್ಯ ಕೊಂಕಣಿ ಬೆರೆತ ಮರಾಠಿಯಲ್ಲಿ, ಇಂಥ ಫಿಟ್ಟರನ್ನು ತಾನು ಕಂಡೇ ಇಲ್ಲ ಎನ್ನುತ್ತಿದ್ದ. ಗೋವಾದ ವೇರ್ಣಾದಲ್ಲಿ ಕಾರ್ಖಾನೆಯೊಂದರ ಪಂಪುಗಳನ್ನು ನೋಡಿಕೊಳ್ಳುವ ಕೆಲಸ. ಎರಡು ಪಟ್ಟು ಪಗಾರ, ಇರಲು ಒಬ್ಬರಿಗೆ ಸಾಲುವ ಖೋಲಿ, ಆಸ್ಪತ್ರೆಯ ಕಾರ್ಡು. ಮನೆಮಂದಿಯನ್ನು ಮಾತ್ರ ವರ್ಷವಾದ ಮೇಲೆ ಕರೆಸಿಕೊಳ್ಳಬೇಕು. ಹೇಳುತ್ತಾ ಹೇಳುತ್ತಾ ಜೇಬಿನಿಂದ ತನ್ನ ಹೆಸರು, ಫೋನ್ ನಂಬರಿನ ಕಾರ್ಡು ತೆಗೆದ. ನಾನು ಹಿರಿಯನಲ್ಲವೇ, ಸಹಜವಾಗಿ ಕೈ ಚಾಚಿದೆ. ಕಾರ್ಡು ನನ್ನ ಕೈಯನ್ನು ದಾಟಿ ಅವನ ಕೈಗೆ ಹೋಯಿತು. ಚಾಚಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ತಲೆ ಕೆರೆದುಕೊಂಡೆ. ಅದನ್ನು ನೋಡಿ ಕಂತ್ರಾಟುದಾರನಿಗೆ ಕನಿಕರ ಬಂದಿರಬೇಕು. ಇವರು ಬರದಿದ್ದರೆ ನೀವಾದರೂ ಬನ್ನಿ, ಒಂದು ತಿಂಗಳೊಳಗೆ ತಿಳಿಸಿ ಎಂದ.

ನೀವಾದರೂ! ಇಪ್ಪತ್ತಾರು ವರ್ಷ ಗ್ರೀಸಿನಲ್ಲಿ ಕೈ ಅದ್ದಿದ ಮೇಲೆ ನಾನು ಸ್ಟೆಪ್ನಿ ಗಾಲಿಯಾದೆ!

ಆವತ್ತಿನಿಂದ ನನ್ನ ಹೊಟ್ಟೆಯಲ್ಲಿ ಹತ್ತಿದ್ದಕ್ಕೆ ಬೇರೆ ಹೆಸರು ಹುಡುಕುವ ಅಗತ್ಯವಿಲ್ಲ, ಹೊಟ್ಟೆಕಿಚ್ಚೇ. ಅವನು ಕೂತರೆ ಉರಿ, ನಿಂತರೆ ಉರಿ. ಅವನು ನನ್ನ ಪಾನಾ ಮುಟ್ಟಿದರೆ, ಇದನ್ನೂ ಗೋವಾಕ್ಕೆ ಒಯ್ಯುತ್ತಾನೇನೋ ಎಂದು ಎಣಿಸಿಡುವಷ್ಟು ಉರಿ. ಮನೆಯಲ್ಲಿ ನಾನು ಒಂದು ಮಾತೂ ಆಡಿರಲಿಲ್ಲ. ಆದರೆ ಹೆಂಡತಿಗೆ ಹೇಳಬೇಕಾಗುತ್ತದೆಯೇ?

"ಏನ್ರಿ, ಮೂರು ದಿನ ಆತು, ಸಾರಿಗೆ ಉಪ್ಪಿಲ್ಲ ಅನ್ನಾಕತ್ತೀರಿ," ಎಂದಳು. "ಉಪ್ಪು ಐತಿ. ನಿಮ್ಮ ನಾಲಿಗಿ ಗೋವಾಕ್ಕ ಹೋಗೇತಿ."

ಊರೆಲ್ಲ ಷಡ್ಡಕನಿಗೆ ಬುದ್ಧಿ ಹೇಳಿತು. ಹೋಗು ಎನ್ನುವವರು ಅರ್ಧ ಜನ, ನಮ್ಮ ರಾಜ್ಯದಾಗ ಏನ್ ಕಡಿಮಿ ಆಗೇತಿ ಎನ್ನುವವರು ಅರ್ಧ ಜನ. ಎರಡನೆಯ ಅರ್ಧದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದವನು ನಾನು. ನುಡಿ, ನೆಲ, ನೀರು ಎಂದು ನಾನು ಆಡಿದ ಮಾತುಗಳನ್ನು ನವೆಂಬರಿನಲ್ಲಿ ಆಡಿದ್ದರೆ ಶಾಲು ಹೊದಿಸುತ್ತಿದ್ದರು! ಅವನು ಎಲ್ಲ ಕೇಳಿಸಿಕೊಂಡು ಕೊನೆಗೆ ಹೇಳಿದ: "ಟ್ರಯಲ್ ತಗೋತೇನಿ, ಅಣ್ಣಾ."

ಗೋವಾಕ್ಕೆ ಹೋಗಿ ನಾಲ್ಕು ದಿನ ಇದ್ದು ನೋಡಿ ಬರುತ್ತಾನೆ ಎಂದು ನಾವು ತಿಳಿದೆವು. ಅವನು ಹೋದದ್ದು ದಾಂಡೇಲಿಯದೇ ಅಂಬೇವಾಡಿಗೆ! ನಮ್ಮ ಓಣಿಯಿಂದ ಸೈಕಲ್ಲಿನ ಹಾದಿ. ಅಲ್ಲಿ ಒಬ್ಬ ನಿವೃತ್ತ ಮಿಲ್ ಕಾರ್ಮಿಕನ ಹಿತ್ತಿಲ ಖೋಲಿಯನ್ನು ಹದಿನೈದು ದಿನದ ಮಟ್ಟಿಗೆ ಹಿಡಿದು, ಟ್ರಂಕು, ಚಾಪೆ, ಸ್ಟೋವು ಸಾಗಿಸಿ, ಹೆಂಡತಿಗೆ, ಇಂದಿನಿಂದ ನಾನು ಗೋವಾದಲ್ಲಿದ್ದೇನೆ ಎಂದು ಘೋಷಿಸಿದ. ನಿಯಮ ಕಟ್ಟುನಿಟ್ಟು. ಮನೆಗೆ ಬರುವಂತಿಲ್ಲ. ಮಾತೇನಿದ್ದರೂ ಸಂಜೆ ಎಂಟರ ಮೇಲೆ ಫೋನಿನಲ್ಲಿ. ಭಾನುವಾರ ಮಾತ್ರ ರಜೆ, ಊರಿಗೆ ಬಂದು ಹೋಗಬಹುದು.

ನನ್ನ ಶೆಡ್ಡು ಏನಾಯಿತು ಗೊತ್ತೇ? ಗೋವಾದ ಕಾರ್ಖಾನೆಯಾಯಿತು. ದಿನಾ ಎಂಟಕ್ಕೆ ಡಬ್ಬಿ ಹಿಡಿದು ಬಂದು ನನಗೆ "ಸಾಹೇಬರ" ಎನ್ನುತ್ತಿದ್ದ. ನಾನು ಪಾನಾ ಕೊಟ್ಟರೆ "ದೇವ್ ಬರೆಂ ಕರೂಂ" ಎಂದು ಕೊಂಕಣಿಯಲ್ಲಿ ಧನ್ಯವಾದ ಹೇಳುತ್ತಿದ್ದ. ಮೂರನೆಯ ದಿನ, ನಿನ್ನ ಮನೆಯ ನಲ್ಲಿ ಸೋರುತ್ತಿದೆಯಂತೆ ಎಂದೆ. ಅವನು ಮುಖ ನೋಡಲಿಲ್ಲ.

"ನಾ ಗೋವಾದಾಗ ಅದೇನಿ, ಸಾಹೇಬರ. ಮನಿ ಸುದ್ದಿ ಎಂಟರ ಮ್ಯಾಲ ಫೋನ್ ಮಾಡಿ ಹೇಳ್ರಿ."

ನಾಲ್ಕು ಅಡಿ ದೂರದಲ್ಲಿ ನಿಂತವನಿಗೆ ನಾನು ಸಂಜೆ ಫೋನ್ ಮಾಡಬೇಕು!

ಭಾನುವಾರ ಬೆಳಿಗ್ಗೆ ನಾನು ಬಸ್ ನಿಲ್ದಾಣಕ್ಕೆ ಯಾವುದೋ ಪಾರ್ಸೆಲ್ ತರಲು ಹೋದರೆ, ಇವನು ಕಾಲ ಬಳಿ ಚೀಲ ಇಟ್ಟುಕೊಂಡು ಕಲ್ಲು ಬೆಂಚಿನ ಮೇಲೆ ಕೂತಿದ್ದ. ಕೈಯಲ್ಲಿ ಗೇರುಬೀಜದ ಪೊಟ್ಟಣ, ನಮ್ಮ ಪೇಟೆಯಲ್ಲೇ ಕೊಂಡದ್ದು. ಇಲ್ಲಿ ಯಾಕೆ ಕೂತಿದ್ದೀ ಎಂದು ಕೇಳಿದೆ.

"ಸಣ್ಣಗ ಮಾತಾಡ್ರಿ," ಎಂದ, ಹೊಟ್ಟೆ ಹಿಡಿದುಕೊಂಡು. "ಈಗ ಅನಮೋಡ ಘಾಟ್ ಹತ್ತಾಕತ್ತೇನಿ. ತಿರುವು ಭಾಳ ಅದಾವ, ತೊಳಸಾಕತ್ತೈತಿ."

ಗೋವಾದಿಂದ ಬರುವ ಬಸ್ಸಿಗೆ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ಬೆಂಚಿನ ಮೇಲೆ ಕೂತು, ಆಮೇಲೆ ಮನೆಗೆ ಹೋಗಿ, ಎರಡು ತಾಸು ಇದ್ದು, ಮತ್ತೆ ಬಂದು ಅಷ್ಟೇ ಹೊತ್ತು ಕೂತು, ಅಂಬೇವಾಡಿಗೆ ಹೋದ. ನಾನು ಪಾರ್ಸೆಲ್ ಮರೆತು ಮನೆಗೆ ಬಂದೆ. ಆಗ ಅವನಿಗೆ ಇನ್ನೂ ಘಾಟ್ ದಾಟಿದರೆ ಸಿಗುವ ರಾಮನಗರವೂ ಬಂದಿರಲಿಲ್ಲ.

ನೀವು ನಗುತ್ತಿದ್ದೀರಿ. ಊರೂ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಈ ಟ್ರಯಲ್ ಕೆಟ್ಟರೆ ಗೋವಾ ನನ್ನದು! ಅವನು ಒಂದೇ ಒಂದು ದಿನ, ಇನ್ನು ಆಗೂದಿಲ್ಲ ಎಂದು ಚಾಪೆ ಸುತ್ತಿಕೊಂಡು ಮನೆಗೆ ಬಂದರೆ ಸಾಕು, ಮರುದಿನವೇ ನಾನು ಕಂತ್ರಾಟುದಾರನಿಗೆ ಫೋನ್ ಮಾಡುವವನು. ಹಾಗಾಗಿ ಕೆಡಿಸಲು ನೋಡಿದೆ. ಹೌದು, ನೋಡಿದೆ. ನಾದಿನಿಯ ಕೈಯಲ್ಲೇ ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಮಾಡಿಸಿ ತಂದು ಮಧ್ಯಾಹ್ನ ಅವನ ಗೋವಾ ಊಟದ, ಪಾವು ಉಸಳಿಯ ಮುಂದೆ ಬಿಚ್ಚಿಟ್ಟೆ. ಘಮ ಶೆಡ್ಡು ತುಂಬಿತು. ಅವನ ಗಂಟಲಮಣಿ ಮೇಲೆ ಕೆಳಗೆ ಆಡಿದ್ದನ್ನು ನಾನೇ ಕಂಡೆ. ಆದರೆ ಆ ಪುಣ್ಯಾತ್ಮ ಎಣ್ಣೆಗಾಯಿಯನ್ನು ನನ್ನ ಕಡೆ ಸರಿಸಿ, ರೊಟ್ಟಿ ಹಿಂಡಿಯನ್ನು ಮಾತ್ರ ಕಟ್ಟಿ ಮೇಲಿಟ್ಟ. ಊರಿನಿಂದ ಗೋವಾಕ್ಕೆ ಪಾರ್ಸೆಲ್ ಬರಲು ಎರಡು ದಿನವಾದರೂ ಬೇಕಲ್ಲ, ಎರಡು ದಿನ ಬಿಟ್ಟು ತಿನ್ನುತ್ತೇನೆ ಎಂದ. ಹಾಗೇ ತಿಂದ. ಕಡಕ್ ರೊಟ್ಟಿಗೆ ಎರಡು ದಿನದಲ್ಲಿ ಏನಾಗುತ್ತದೆ ಹೇಳಿ? ಇನ್ನಷ್ಟು ರುಚಿಯಾಗುತ್ತದೆ!

ಇನ್ನು ಉಳಿದದ್ದು ಒಂದೇ ದಾರಿ. ಅವನಿಲ್ಲದ ಮನೆಗೆ ತೊಂದರೆ ಬರಬೇಕು, ನಾನು ಕೈ ಹಚ್ಚಬಾರದು. ಬಂತು ಕೂಡ. ಆರನೆಯ ದಿನ ಅವರ ಮನೆಯ ನೀರಿನ ಪಂಪು ನಿಂತಿತು. ನಾದಿನಿಯ ಫೋನು: "ಮಾಮಾರ, ಒಂದು ಹನಿ ನೀರಿಲ್ರಿ." ಬರ್ತೇನಿ ಎಂದು ಹೇಳಿ, ಗಟ್ಟಿ ಮನಸ್ಸು ಮಾಡಿ ಕೂತೆ. ಒಂದು ತಾಸು ಕೂತೆ. ನೀರಿಲ್ಲದ ಹೆಂಡತಿ ಗಂಡನಿಗೆ ಫೋನ್ ಮಾಡುತ್ತಾಳೆ, ಗಂಡ ಓಡುತ್ತಾನೆ, ಟ್ರಯಲ್ ಫೇಲು! ಲೆಕ್ಕ ಸರಿಯಾಗಿತ್ತು. ಆದರೆ ಮತ್ತೆ ಫೋನ್ ಬಂತು. ನೀವು ಕೆಲಸದಲ್ಲಿದ್ದರೆ ಇರಲಿ, ಪೇಟೆಯ ಆ ಮೆಕ್ಯಾನಿಕ್ಕನ್ನು ಕರೆದಿದ್ದೇನೆ ಎಂದಳು.

ಆ ಮೆಕ್ಯಾನಿಕ್ಕು! ವಾಶರ್ ಇಲ್ಲದೆ ನಟ್ಟು ಬಿಗಿಯುವ ಮನುಷ್ಯ! ಎಲ್ಲ ರೋಗಕ್ಕೂ ಸುತ್ತಿಗೆಯೇ ಔಷಧ ಎನ್ನುವವನು! ನಾನೇ ಕೂರಿಸಿದ ಪಂಪಿಗೆ ಅವನು ಸುತ್ತಿಗೆ ಎತ್ತುವುದೇ? ನನ್ನ ಗಾಡಿ ಅಂಥ ವೇಗದಲ್ಲಿ ಎಂದೂ ಓಡಿರಲಿಲ್ಲ. ಅವನನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿ, ಪಂಪು ಬಿಚ್ಚಿ, ಸೀಲು ಬದಲಿಸಿ, ಸೋರುವ ನಲ್ಲಿಯನ್ನೂ ಬಿಡದೆ, ನೀರು ಬಿಟ್ಟೆ. ಕೆಲಸ ಮುಗಿದ ಮೇಲೆ, ನಾನು ಏನು ಮಾಡಬಾರದೆಂದು ಕೂತಿದ್ದೆನೋ ಅದನ್ನೇ ಮಾಡಿದ್ದೇನೆ ಎಂದು ಹೊಳೆಯಿತು.

ಒಮ್ಮೆ ಹೀಗಾದರೆ ಮುಗಿಯುತ್ತದೆಯೇ? ಒಂಬತ್ತನೆಯ ದಿನ ಮಳೆ ಬಂದು ಹಂಚು ಸೋರಿತು. ಒಂದು ಹಂಚು ಸರಿಸಲು ಏರಿದವನು, ಪಕ್ಕದ ಸಾಲು ಸೊಟ್ಟಗಿರುವುದನ್ನು ನೋಡಲಾರದೆ ಇಡೀ ಮಾಡಿಗೆ ಕೈಯಾಡಿಸಿ ಇಳಿದೆ. ಹನ್ನೊಂದನೆಯ ದಿನ ಮಗಳ ಶಾಲೆಯಲ್ಲಿ ಪಾಲಕರ ಸಭೆ. ನಾದಿನಿಗೆ ಜ್ವರ. ಏಳನೆಯ ಇಯತ್ತೆಯಲ್ಲಿ ಹೊರಬಿದ್ದವನು ಅಂದು ಮತ್ತೆ ಶಾಲೆಯ ಹೊಸ್ತಿಲು ತುಳಿದೆ. ಒಂದನೆಯ ಇಯತ್ತೆಯ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತೆ. ಕಲಿಸುವ ಬಾಯಿಯವರು ನೀವು ಯಾರು ಎಂದರು. ನಮ್ಮ ದೊಡ್ಡಪ್ಪ ಎಂದಳು ಕೂಸು. ಹಾಗಾದರೆ ನಿಮ್ಮಪ್ಪ ಎಲ್ಲಿ ಎಂದರು.

"ಅಪ್ಪ ಗೋವಾದಾಗ ಅದಾನ್ರಿ," ಎಂದು ಕಿಟಕಿಯ ಹೊರಗೆ ಬೆರಳು ಮಾಡಿದಳು. "ಅಕಾ ಅಲ್ಲಿ, ಚಾ ಕುಡಿಯಾಕತ್ತಾನ."

ರಸ್ತೆಯಾಚೆ, ಚಹಾದಂಗಡಿಯಲ್ಲಿ, ನಮ್ಮ ಗೋವಾದವನು ಕಪ್ಪಿನ ಕೆಳಗಿನ ಬಸಿ ಎತ್ತಿ ಮುಖ ಮರೆಮಾಡಿಕೊಂಡಿದ್ದ. ಬಾಯಿಯವರು ನನ್ನನ್ನು ಒಮ್ಮೆ, ಗೋವಾವನ್ನು ಒಮ್ಮೆ ನೋಡಿ, ಸಹಿ ಮಾಡಿ ಎಂದರು. ಮಾಡಿದೆ. ಎಷ್ಟೇ ಬೇಗ ಶಾಲೆ ಬಿಟ್ಟರೂ ನನ್ನ ಅಕ್ಷರ ಮುತ್ತಿನಂಥದ್ದು.

ಆ ಸಂಜೆ ಹೆಂಡತಿ ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೇಳಿದಳು: "ನಿಮಗ ಖರೇನ ಗೋವಾಕ್ಕ ಹೋಗೂದೈತೇನ್ರಿ?"

ಐತಿ ಎನ್ನಬೇಕೆಂದು ಬಾಯಿ ತೆರೆದೆ. ವೇರ್ಣಾದ ಆ ಖೋಲಿಯಲ್ಲಿ ನಾನೊಬ್ಬನೇ ಕೂತದ್ದನ್ನು ಕಲ್ಪಿಸಿಕೊಳ್ಳಲು ನೋಡಿದೆ. ಖೋಲಿ ಕಾಣಿಸಿತು, ಸ್ಟೋವು ಕಾಣಿಸಿತು, ನಾನು ಕಾಣಿಸಲಿಲ್ಲ. ನನಗೆ ಗೋವಾಕ್ಕೆ ಹೋಗುವುದಿತ್ತೋ ಇಲ್ಲವೋ ದೇವರೇ ಬಲ್ಲ. ಆ ಕಾರ್ಡು ನನ್ನ ಕೈಗೆ ಬಂದು, ನಾನು ಒಲ್ಲೆ ಎನ್ನಬೇಕಿತ್ತು!

ಹದಿನಾರನೆಯ ದಿನ ಷಡ್ಡಕ ಡಬ್ಬಿ ಇಲ್ಲದೆ ಶೆಡ್ಡಿಗೆ ಬಂದ. ಸಾಹೇಬರ ಎನ್ನಲಿಲ್ಲ. ಹದಿನೈದು ದಿನದಲ್ಲಿ ಗಲ್ಲಗಳು ಒಳಗೆ ಹೋಗಿದ್ದವು.

"ಏನಾತು ನಿನ್ನ ಟ್ರಯಲ್?" ಎಂದೆ, ಪಾನಾ ಒರೆಸುತ್ತಾ.

"ಪಾಸ್ ಆತು ಅಣ್ಣಾ."

"ಹದಿನೈದು ದಿನ ಹೆಂಡ್ತಿ ಮಗಳನ್ನ ಬಿಟ್ಟು ಇದ್ದಿ ಅಂತ ಪಾಸೇನು?"

"ಏ, ನಂದಲ್ಲ. ನಾ ಅಂತೂ ದಿನಾ ಅತ್ತೇನಿ. ಮಿಷನ್ ಹೆಂಗೋ ಓಡ್ತೈತಿ, ಅದರ ಮಾರಿ ಏನು ನೋಡೂದು? ನೀವ ಕಲಿಸೀರಿ. ನಾ ಅಡಿಪಾಯದ ಮ್ಯಾಲ ಕೈ ಇಟ್ಕೊಂಡು ಕುಂತಿದ್ದೆ."

ಯಾವ ಅಡಿಪಾಯ ಎಂದು ಕೇಳಿದೆ. ಏಳನೆಯ ಇಯತ್ತೆಯ ಬುದ್ಧಿ, ಸ್ವಲ್ಪ ತಡವಾಗಿಯೇ ತಿಳಿಯುತ್ತದೆ.

ಅವನು ಗದ್ದದಿಂದ ನನ್ನ ಕಡೆ ತೋರಿಸಿದ. "ಪಂಪು ಎಷ್ಟು ಹೊತ್ತಿನ್ಯಾಗ ಚಾಲೂ ಆತು, ಮಾಡು ಯಾರು ಏರಿದ್ರು, ಸಾಲ್ಯಾಗ ಸಹಿ ಯಾರು ಮಾಡಿದ್ರು, ಎಲ್ಲಾ ದಿನಾ ಎಂಟರ ಮ್ಯಾಲ ಕೇಳೇನಿ. ನಿಮಗ ನನ್ನ ಮ್ಯಾಲ ಸಿಟ್ಟು ಐತಿ ಅಂತನೂ ಗೊತ್ತೈತಿ. ಅಷ್ಟು ಸಿಟ್ಟಿನ್ಯಾಗೂ ನಡುಗಲಿಲ್ಲ ಅಣ್ಣಾ."

ನಾನು ಪಾನಾ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಆಮೇಲೆ ಕೇಳಿದೆ: "ನಡುಗಿದ್ರ?"

"ನಾ ಹೋಗ್ತಿರಲಿಲ್ಲ. ಕಾರ್ಡ್ ನಿಮಗ ಕೊಟ್ಟು, ನಿಮ್ಮನ್ನ ಕಳಸ್ತಿದ್ದೆ."

ಕೇಳಿದಿರಾ? ಒಂದೇ ಒಂದು ವಾಶರ್ ಸಡಿಲ ಬಿಟ್ಟಿದ್ದರೆ, ಆ ಸುತ್ತಿಗೆಯವನನ್ನು ಬಾಗಿಲಿನಿಂದ ತಿರುಗಿಸದಿದ್ದರೆ, ಒಂದು ಹಂಚು ಸೊಟ್ಟಗೆ ಇಟ್ಟಿದ್ದರೆ, ಗೋವಾ ನನ್ನದಾಗುತ್ತಿತ್ತು! ಕೈಯಾರೆ, ಅಚ್ಚುಕಟ್ಟಾಗಿ, ಗ್ರೀಸು ಹಚ್ಚಿ ಕಳೆದುಕೊಂಡೆ. ಇಂಥ ಮೋಸ ಯಾರಿಗಾದರೂ ಆಗಿದ್ದುಂಟೇ?

ಮುಂದಿನ ಸೋಮವಾರ ಅವನು ಹೊರಟ. ಹಿಂದಿನ ದಿನವೇ ಟ್ರಂಕನ್ನು ಅದೇ ಬಸ್ಸಿನ ಮೇಲೆ ಏರಿಸಿ ಇಳಿಸಿ ನೋಡಿದ್ದ, ಅದನ್ನು ಬೇರೆ ಹೇಳಬೇಕಾಗಿಲ್ಲ. ನಿಲ್ದಾಣಕ್ಕೆ ಎರಡೂ ಮನೆಯವರು ಹೋದೆವು. ನಾದಿನಿ ಅಳಲಿಲ್ಲ, ಹದಿನೈದು ದಿನ ಅತ್ತು ಮುಗಿಸಿದ್ದಳು. ಕೂಸಂತೂ, ಅಪ್ಪ ಅಂಬೇವಾಡಿಗೆ ಹೋಗುತ್ತಾನೆ ಎಂದುಕೊಂಡು ಟಾಟಾ ಮಾಡುತ್ತಿತ್ತು. ನಾನು ದೂರ ನಿಂತು, ಈ ಬಸ್ಸಿನ ಹಿಂದಿನ ಗಾಲಿಯ ನಟ್ಟು ಬಿಗಿಯಾಗಿಲ್ಲ, ಈಗಿನವರಿಗೆ ಕೆಲಸ ಬರುವುದಿಲ್ಲ ಎಂದು ಗೊಣಗುತ್ತಿದ್ದೆ. ನನ್ನ ಹೊಟ್ಟೆ ಆಗಲೂ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅವನು ಬಳಿ ಬಂದ. ಕಾಲಿಗೆ ಬೀಳುತ್ತಾನೆ ಎಂದುಕೊಂಡು ಬೇಡ ಎನ್ನಲು ಕೈ ಎತ್ತಿದೆ. ಬೀಳಲಿಲ್ಲ. ಹಿಂದಕ್ಕೆ ಬಂದು ನನ್ನ ಬೆನ್ನ ಮೇಲೆ ಅಂಗೈ ಇಟ್ಟ. ಬೆರಳ ತುದಿಯಲ್ಲ. ಪೂರ್ತಿ ಅಂಗೈ, ನಾನು ಕಲಿಸಿದ ಹಾಗೆ, ಕಣ್ಣು ಮುಚ್ಚಿ.

ಬಸ್ಸಿನ ಇಂಜಿನ್ನಿಗೆ ನೆಲ ನಡುಗುತ್ತಿತ್ತು ಎಂದು ನಾನು ನಿಮಗೆ ಹೇಳಬಹುದು. ಆದರೆ ಡ್ರೈವರ್ ಇನ್ನೂ ಚಹಾ ಕುಡಿಯುತ್ತಿದ್ದ, ಇಂಜಿನ್ ಚಾಲೂ ಆಗಿರಲಿಲ್ಲ. ಅವನ ಅಂಗೈಗೆ ಗೊತ್ತಾಯಿತು. ಗೊತ್ತಾಗದೆ ಇರುತ್ತದೆಯೇ, ಕಲಿಸಿದವನು ನಾನು! ನನ್ನ ನಡುಕ ನಿಲ್ಲುವ ತನಕ ಅವನು ಕೈ ತೆಗೆಯಲಿಲ್ಲ, ಅಷ್ಟೇ.